ಸರ್ಟಿಫಿಕೇಟಿಗೆ ಬೆಳ್ಳಿ ಸಹಿ: ಜೆಲ್ ಪೆನ್ನೋ, ಪೇಂಟ್ ಮಾರ್ಕರೋ?

ನನ್ನ ಓಟು ಪೇಂಟ್ ಮಾರ್ಕರಿಗೆ, ಅಂದರೆ ಶಾಯಿಯ ಬದಲು ಪೇಂಟ್ ತುಂಬಿದ ಪೆನ್ನಿಗೆ. ಅದರಲ್ಲೂ ಸಣ್ಣ ಮೊನೆಯ, ಬೆಳ್ಳಿ ಬಣ್ಣದ ಯೂನಿ ಪೇಂಟ್ ಪಿಎಕ್ಸ್-203ಕ್ಕೆ. ಊರಿನ ಯುವಕ ಸಂಘದ ಸರ್ಟಿಫಿಕೇಟ್ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಜೆಲ್ ಪೆನ್, ನೀರಿನ ಪೇಂಟ್ ಮಾರ್ಕರ್, ಎಣ್ಣೆ ಪೇಂಟ್ ಮಾರ್ಕರ್ ಮೂರನ್ನೂ ಬಳಸಿ ನೋಡಿದ್ದೇನೆ. ನಮ್ಮ ಕೊಡಗಿನ ಹವೆಗೆ ತಡೆದದ್ದು ಕೊನೆಯದು ಮಾತ್ರ.

ನಮ್ಮದು ವಿರಾಜಪೇಟೆ ಕಡೆಯ ಊರು. ಸಂಘದ ದೊಡ್ಡ ಕಾರ್ಯಕ್ರಮ ಎಂದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದ, ಅಂದರೆ ಕೊಡವರ ಆಯುಧಪೂಜೆ ಹಬ್ಬದ ಆಟೋಟ. ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಹಗ್ಗಜಗ್ಗಾಟ, ಮಕ್ಕಳ ಓಟ. ಗೆದ್ದವರು ಯಾರೆಂದು ಗೊತ್ತಾಗುವುದೇ ಸಂಜೆಗೆ. ಆಮೇಲೆ ಹೆಸರು ಬರೆದು, ಅಧ್ಯಕ್ಷರದ್ದೂ ಮುಖ್ಯ ಅತಿಥಿಗಳದ್ದೂ ಸಹಿ ಹಾಕಿಸಿ, ಆಗಲೇ ವೇದಿಕೆಯಲ್ಲಿ ಕೊಡಬೇಕು. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಕಾಲ. ನಮ್ಮ ಕಾರ್ಡು ಕಡು ಹಸಿರಿನದು, ಮೇಲೆ ಹೊಳೆಯುವ ಲ್ಯಾಮಿನೇಷನ್. ಮಾಮೂಲಿ ನೀಲಿ, ಕಪ್ಪು ಪೆನ್ನು ಅದರ ಮೇಲೆ ಕಾಣುವುದೇ ಇಲ್ಲ.

ಮೊದಲು ತಂದದ್ದು ಚಿನ್ನದ ಬಣ್ಣದ ಜೆಲ್ ಪೆನ್. ಬರೆಯುವ ಸುಖ ಅದರಲ್ಲೇ ಇರುವುದು. ಕೈ ಸಲೀಸಾಗಿ ಓಡುತ್ತದೆ, ಗೆರೆ ಒಂದೇ ಸಮ ಬರುತ್ತದೆ, ವಾಸನೆ ಇಲ್ಲ. ಆದರೆ ಆರುವುದಿಲ್ಲ. ಜೆಲ್ ಶಾಯಿ ನೀರಿನದು. ಸ್ವಲ್ಪವನ್ನು ಕಾಗದ ಹೀರಬೇಕು, ಉಳಿದದ್ದು ಗಾಳಿಗೆ ಹೋಗಬೇಕು. ಲ್ಯಾಮಿನೇಷನ್ ಎಂದರೆ ಪ್ಲಾಸ್ಟಿಕ್ ಪದರ, ಹೀರುವ ಮಾತೇ ಇಲ್ಲ. ಗಾಳಿಯಲ್ಲೂ ತೇವ ತುಂಬಿದ್ದರೆ ನೀರು ಹೋಗುವುದೆಲ್ಲಿಗೆ? ಲೋಹದ ಬಣ್ಣದ ಜೆಲ್ ಪೆನ್ನುಗಳ ಮೊನೆ ದಪ್ಪ ಬೇರೆ, ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು. ಶಾಯಿಯೂ ಜಾಸ್ತಿ ಇಳಿಯುತ್ತದೆ.

ಇದರಿಂದ ಆಗುವ ಪಾಡು ಕೇಳಿ. ಸಹಿಯಾದ ಕಾರ್ಡನ್ನು ಒಂದರ ಮೇಲೊಂದು ಇಡುವ ಹಾಗಿಲ್ಲ. ಇಟ್ಟರೆ ಕೆಳಗಿನ ಕಾರ್ಡಿನ ಸಹಿ ಮೇಲಿನದರ ಬೆನ್ನಿಗೆ ಅಂಟುತ್ತದೆ. ಹಾಗಾಗಿ ಬೆಂಚುಗಳ ಮೇಲೆ ಬಿಡಿಬಿಡಿಯಾಗಿ ಹರಡಿ, ಫ್ಯಾನ್ ಹಾಕಿ, ಯಾರೂ ಮುಟ್ಟದ ಹಾಗೆ ಒಬ್ಬರು ಕಾವಲು ನಿಲ್ಲಬೇಕು. ಅಷ್ಟರಲ್ಲಿ ಮೈಕಿನಲ್ಲಿ ಹೆಸರು ಕರೆದಾಗಿರುತ್ತದೆ. ಹರಡಿದ ಕ್ರಮ ತಪ್ಪಿ, ಎರಡನೇ ಬಹುಮಾನದವರ ಕಾರ್ಡು ಹುಡುಕುತ್ತಾ ನಿಲ್ಲಬೇಕಾಗುತ್ತದೆ.

ಕಾರ್ಡು ಕೈಗೆ ಹೋದ ಮೇಲೂ ಮುಗಿಯಲಿಲ್ಲ. ಸಹಿ ಇರುವುದು ಕೆಳಗಿನ ಮೂಲೆಯಲ್ಲಿ. ಫೋಟೋಗೆ ನಿಂತ ಮಗು ಹೆಬ್ಬೆರಳು ಇಡುವುದೂ ಅಲ್ಲೇ. ಓಡಿ ಗೆದ್ದ ಹುಡುಗಿ ಮನೆಗೆ ಹೋಗಿ ನೋಡಿದರೆ ಅಧ್ಯಕ್ಷರ ಸಹಿ ಇದ್ದಲ್ಲಿ ಚಿನ್ನದ ಬಣ್ಣದ ಕಲೆ. ಆ ಮಗುವಿಗೆ ಅದು ಮೊದಲ ಸರ್ಟಿಫಿಕೇಟ್ ಆಗಿರಬಹುದು. ಅದನ್ನು ಗೋಡೆಗೆ ಹಾಕುತ್ತಾರೆ, ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಜೆಲ್ ಪೆನ್ನನ್ನು ನಾನು ಬಿಟ್ಟದ್ದು ಈ ಒಂದು ಕಾರಣಕ್ಕೆ. ಅದೇ ಪೆನ್ನು ಏಪ್ರಿಲ್ ಬಿಸಿಲಿನಲ್ಲಿ, ಲ್ಯಾಮಿನೇಷನ್ ಇಲ್ಲದ ಕಪ್ಪು ಕಾರ್ಡ್ ಶೀಟಿನ ಮೇಲೆ ಚೆನ್ನಾಗಿ ಆರುತ್ತದೆ. ಮದುವೆ, ಹುಟ್ಟುಹಬ್ಬದ ಶುಭಾಶಯ ಬರೆಯಲು ಈಗಲೂ ನನಗೆ ಜೆಲ್ ಪೆನ್ನೇ ಬೇಕು.

ನೀರಿನ ಪೇಂಟ್ ಮಾರ್ಕರ್ ನಡುವಿನದು. ಜೆಲ್‌ಗಿಂತ ಬೇಗ ಆರುತ್ತದೆ, ಆದರೆ ಲ್ಯಾಮಿನೇಷನ್ ಮೇಲೆ ಉಗುರು ತಾಗಿದರೆ ಕಿತ್ತು ಬರುತ್ತದೆ. ಮಕ್ಕಳ ಚಿತ್ರಕಲೆಗೆ ಒಳ್ಳೆಯದು.

ಎಣ್ಣೆ ಪೇಂಟ್ ಮಾರ್ಕರಿನಲ್ಲಿ ಇರುವುದು ನೀರಲ್ಲ, ಬೇಗ ಆವಿಯಾಗುವ ದ್ರಾವಕ. ಹೊರಗೆ ಮಳೆ ಸುರಿಯುತ್ತಿದ್ದರೂ ಸಹಿ ಪ್ಲಾಸ್ಟಿಕ್ಕಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅತಿಥಿಗಳು ಮುಂದಿನ ನಾಲ್ಕೈದು ಕಾರ್ಡಿಗೆ ಸಹಿ ಹಾಕುವಷ್ಟರಲ್ಲಿ ಮೊದಲನೆಯದನ್ನು ಎತ್ತಿ ಇಡಬಹುದು. ವಾಸನೆ ಇದೆ, ಕಿಟಕಿ ತೆಗೆದಿಡಿ.

ಬಳಸುವ ಕ್ರಮ ಮಾತ್ರ ಕಲಿಯಬೇಕು. ಬೆಳ್ಳಿ ಬಣ್ಣಕ್ಕೆ ಅಲ್ಯೂಮಿನಿಯಂ ಪುಡಿ ಹಾಕಿರುತ್ತಾರೆ. ಅದು ಭಾರ, ತಳಕ್ಕೆ ಇಳಿಯುತ್ತದೆ. ಮುಚ್ಚಳ ಹಾಕಿಯೇ ಚೆನ್ನಾಗಿ ಕುಲುಕಬೇಕು, ಒಳಗಿನ ಗುಂಡು ಟಕಟಕ ಎನ್ನಬೇಕು. ಆಮೇಲೆ ರದ್ದಿ ಕಾಗದದ ಮೇಲೆ ಮೊನೆ ಒತ್ತಿ ಬಣ್ಣ ಇಳಿಸಬೇಕು. ಕಾರ್ಡಿನ ಮೇಲೆಯೇ ಒತ್ತಿದರೆ ಬೊಟ್ಟಿನಷ್ಟು ದಪ್ಪ ಹನಿ ಬೀಳುತ್ತದೆ. ನಮ್ಮ ಅಧ್ಯಕ್ಷರು ಸೇನೆಯಿಂದ ನಿವೃತ್ತರಾದವರು, ಸಹಿಯನ್ನು ಒತ್ತಿ ಹಾಕಿಯೇ ಅಭ್ಯಾಸ. ಪ್ರತಿ ಸಲ ಪಕ್ಕದಲ್ಲಿ ನಿಂತು, "ಮಾವ, ಒತ್ತಬೇಡಿ, ಸುಮ್ನೆ ಎಳೆಯಿರಿ ಸಾಕು" ಎನ್ನುತ್ತೇನೆ. ದಪ್ಪ ಮೊನೆಯದರಲ್ಲಿ ಅವರ ಇನಿಷಿಯಲ್ ಎಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತಿತ್ತು. 203ರ ಗೆರೆ 0.8 ಮಿ.ಮೀ., ಅಕ್ಷರ ಬಿಡಿಸಿ ಕಾಣುತ್ತದೆ. ತೆಳು ಕಾಗದಕ್ಕೆ ಇದು ಬೇಡ, ಹಿಂದಕ್ಕೆ ಇಳಿಯುತ್ತದೆ.

ಚಿನ್ನವೋ ಬೆಳ್ಳಿಯೋ ಎಂದರೆ, ಕಡು ಹಸಿರಿನ ಮೇಲೆ ಬೆಳ್ಳಿ ದೂರಕ್ಕೂ ಓದಲು ಬರುತ್ತದೆ. ಚಿನ್ನದ್ದು ಸಂಜೆಯ ಬೆಳಕಿನಲ್ಲಿ ಕಂದು ಕಾಣುತ್ತದೆ.

ಬಿಳಿ ಸರ್ಟಿಫಿಕೇಟಿಗೆ ಮಾತ್ರ ಎರಡೂ ಬೇಡ. ಹುಡುಗರು ಕ್ರೀಡಾ ಕೋಟಾದ ಸೀಟಿಗೆ ಜೆರಾಕ್ಸ್ ಲಗತ್ತಿಸುತ್ತಾರೆ. ಲೋಹದ ಬಣ್ಣ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಪ್ರತಿಯಲ್ಲಿ ಬೂದು ಗೀಚಿನ ಹಾಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಸಹಿ ಕಾಣದ ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ, ಅಲ್ವಾ? ಅಲ್ಲಿ ಕಪ್ಪು ಶಾಯಿಯೇ ಸರಿ.

ಜೆಲ್ ಪೆನ್ನಿಗಿಂತ ಮಾರ್ಕರಿಗೆ ದುಡ್ಡು ಜಾಸ್ತಿ. ಆದರೆ ನಮಗೆ ಬೇಕಾಗುವುದು ವರ್ಷಕ್ಕೆ ಕೆಲವೇ ಕಾರ್ಯಕ್ರಮಕ್ಕೆ. ಮುಚ್ಚಳ ಬಿಗಿ ಹಾಕಿ ಮಲಗಿಸಿ ಇಟ್ಟರೆ ಮುಂದಿನ ಹಬ್ಬಕ್ಕೂ ಬರೆಯುತ್ತದೆ. ಸಂಘದ ಖರ್ಚಿನಲ್ಲಿ ನಾನು ಎರಡು ಬೆಳ್ಳಿ ಮಾರ್ಕರ್ ಬರೆಸುತ್ತೇನೆ, ಇಬ್ಬರು ಒಟ್ಟಿಗೆ ಸಹಿ ಹಾಕಲಿ ಎಂದು. ಅಂಗಡಿಗೆ ಹೋಗುವಾಗ ನಿಮ್ಮದೇ ಕಾರ್ಡಿನ ಒಂದು ತುಂಡು ಜೇಬಿನಲ್ಲಿರಲಿ. ಅಂಗಡಿಯವರು ಕೊಡುವ ಬಿಳಿ ಚೀಟಿಯ ಮೇಲೆ ಎಲ್ಲ ಪೆನ್ನೂ ಆರುತ್ತದೆ.