ಎಬಿಬಿ ಎಸಿಎಚ್580: ಡ್ರೈವ್ ಗಟ್ಟಿ, ಪರದೆಯ ಲೆಕ್ಕ ಮಾತ್ರ ಕಣ್ಣುಮುಚ್ಚಿ ನಂಬಬೇಡಿ

ಕಚೇರಿ ಕಟ್ಟಡದ ಎಎಚ್‌ಯು (ಗಾಳಿಯನ್ನು ತಣಿಸಿ ಕೋಣೆಗಳಿಗೆ ಕಳಿಸುವ ಯಂತ್ರ) ಬ್ಲೋವರ್‌ಗೆ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್, ಹಾಕಿದರೆ ಕರೆಂಟು ಉಳಿಯುವುದು ನಿಜ. ಫ್ಯಾನಿನ ವೇಗ ಇಳಿದರೆ ಅದು ಎಳೆಯುವ ವಿದ್ಯುತ್ತು ವೇಗದ ಘನದ (ಮೂರನೇ ಘಾತದ) ಲೆಕ್ಕದಲ್ಲಿ ಇಳಿಯುತ್ತದೆ. 50 ಹರ್ಟ್ಸ್‌ನಿಂದ 40ಕ್ಕೆ ತಂದರೆ ಹೆಚ್ಚುಕಡಿಮೆ ಅರ್ಧ. 6 ಕಿಲೋವ್ಯಾಟ್ ಎಳೆಯುತ್ತಿದ್ದ ಮೋಟಾರು, ಡ್ರೈವಿನ ನಷ್ಟವೂ ಸೇರಿ, 3.2ರ ಆಸುಪಾಸಿಗೆ ಬರುತ್ತದೆ. ದಿನಕ್ಕೆ 12 ಗಂಟೆಯಂತೆ 300 ದಿನ ಓಡಿದರೆ ಸುಮಾರು 10,000 ಯೂನಿಟ್ ಉಳಿತಾಯ.

ಎಸಿಎಚ್580 ಏಸಿ ಕೆಲಸಕ್ಕೆಂದೇ ಮಾಡಿದ ಡ್ರೈವ್. ಯಂತ್ರಗಳು ಮಾತಾಡಿಕೊಳ್ಳುವ ಭಾಷೆಗಳಾದ ಬ್ಯಾಕ್‌ನೆಟ್, ಮಾಡ್‌ಬಸ್ ಒಳಗೇ ಇವೆ. ಬಿಎಂಎಸ್‌ಗೆ (ಕಟ್ಟಡದ ಯಂತ್ರಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಜೋಡಿಸಲು ಬೇರೆ ಕಾರ್ಡು ಬೇಡ. ಅಷ್ಟಕ್ಕೆ ಪೂರ್ತಿ ಅಂಕ.

ತಕರಾರಿರುವುದು ಪರದೆಯಲ್ಲಿ ಕಾಣುವ ಉಳಿತಾಯದ ಅಂಕಿಯ ಬಗ್ಗೆ. ಡ್ರೈವ್ ಇಲ್ಲದೆ ಮೋಟಾರು ಎಷ್ಟು ಎಳೆಯುತ್ತಿತ್ತು ಎಂಬುದನ್ನು 45.19ನೇ ಪ್ಯಾರಾಮೀಟರಿನಲ್ಲಿ (ಡ್ರೈವಿನ ಸೆಟ್ಟಿಂಗ್ ಸಂಖ್ಯೆ) ನಾವೇ ತುಂಬಬೇಕು. ಖಾಲಿ ಬಿಟ್ಟರೆ ಅದು ನೇಮ್‌ಪ್ಲೇಟಿನ 7.5 ಕಿಲೋವ್ಯಾಟನ್ನೇ ಹಿಡಿಯುತ್ತದೆ, ನಿಜಕ್ಕೂ ಉಳಿದದ್ದು 2.8 ಕಿಲೋವ್ಯಾಟ್, ತೋರಿಸುವುದು 4.3! ಹಳೆಯ ಸ್ಟಾರ್ಟರ್ ಬಿಚ್ಚುವ ಮೊದಲೇ ಪವರ್ ಮೀಟರ್ ಹಿಡಿದು ಅಳೆದಿಡಿ. ಆಮೇಲೆ ಅಳೆಯುವ ಅವಕಾಶ ಸುಲಭವಾಗಿ ಸಿಗುವುದಿಲ್ಲ.

ಸೆಟ್ಟಿಂಗ್‌ನಲ್ಲಿ ಹೆಚ್ಚು ಎಡವುವುದು ಪಿಐಡಿಯಲ್ಲಿ, ಅಂದರೆ ಸೆನ್ಸರಿನ ಓದುವಿಕೆ ನೋಡಿ ವೇಗವನ್ನು ತಾನೇ ಹೊಂದಿಸುವ ಭಾಗದಲ್ಲಿ. ಕೂಲಿಂಗ್‌ನಲ್ಲಿ ಬಿಸಿ ಏರಿದರೆ ವೇಗವೂ ಏರಬೇಕು, ಅದಕ್ಕೆ 40.31ನೇ ಪ್ಯಾರಾಮೀಟರನ್ನು ಇನ್ವರ್ಟೆಡ್ (ತಿರುಗುಮುರುಗು) ಮಾಡಬೇಕು. ಮರೆತರೆ ಸೆಕೆ ಹೆಚ್ಚಿದಷ್ಟೂ ಫ್ಯಾನು ನಿಧಾನವಾಗುತ್ತದೆ, ಬೈಗುಳ ಡ್ರೈವಿಗೆ ಬೀಳುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಎಎಚ್‌ಯು ಕೋಣೆಯೇ ರಿಟರ್ನ್ ಗಾಳಿಯ (ಕಚೇರಿಯಿಂದ ಮರಳುವ ಗಾಳಿಯ) ದಾರಿ. ಅಲ್ಲಿ ತಾಪಮಾನದ ಸೆನ್ಸರನ್ನು ಬಾಗಿಲ ಪಕ್ಕ ಅಥವಾ ಹೊರಗಾಳಿ ಬರುವ ಡ್ಯಾಂಪರಿನ (ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಕದ) ಎದುರು ತೂಗುಹಾಕಿದರೆ ಓದುವಿಕೆ ತಪ್ಪುತ್ತದೆ.

ಕನಿಷ್ಠ ವೇಗ 25ರಿಂದ 30 ಹರ್ಟ್ಸ್ ಇರಲಿ. ಅದಕ್ಕೂ ಕೆಳಗೆ ಹೋದರೆ ಡಿಫ್ಯೂಸರಿನ (ಚಾವಣಿಯಲ್ಲಿ ಗಾಳಿ ಹೊರಬರುವ ಜಾಲರಿ) ಗಾಳಿ ಹರಡದೆ ಕೆಳಗಿದ್ದವರ ತಲೆಯ ಮೇಲೇ ಸುರಿಯುತ್ತದೆ, ಮೋಟಾರೂ ಸರಿಯಾಗಿ ತಣಿಯುವುದಿಲ್ಲ. ವೇಗ ಇಳಿದಾಗ ಹೊರಗಾಳಿಯೂ ಕಡಿಮೆಯಾಗುವುದರಿಂದ ಡ್ಯಾಂಪರನ್ನು ಫ್ಯಾನು ಕನಿಷ್ಠ ವೇಗದಲ್ಲಿದ್ದಾಗಲೇ ಹೊಂದಿಸಬೇಕು. ನಿಲ್ಲಿಸುವ ಸಮಯ 60 ಸೆಕೆಂಡಿಗೆ ಕಡಿಮೆ ಬೇಡ. ಭಾರದ ಬ್ಲೋವರನ್ನು ಅವಸರದಲ್ಲಿ ತಡೆದರೆ ಡ್ರೈವ್ ಓವರ್‌ವೋಲ್ಟೇಜ್ ಎಂದು ಟ್ರಿಪ್ ಆಗಬಹುದು.

ಇನ್ನು ಡ್ರೈವಿನ ಮೇಲಿನ 'ಹ್ಯಾಂಡ್' ಗುಂಡಿ, ಅಂದರೆ ಕೈಯಿಂದ ಓಡಿಸುವ ಗುಂಡಿ. ರಿಪೇರಿಗೆಂದು ಒತ್ತಿದವರು ಮತ್ತೆ 'ಆಟೊ'ಗೆ ತರದಿದ್ದರೆ ಫ್ಯಾನು ತಿಂಗಳುಗಟ್ಟಲೆ 50 ಹರ್ಟ್ಸ್‌ನಲ್ಲೇ ಓಡಬಹುದು, ಡ್ರೈವಿನ ನಷ್ಟ ಬೇರೆ. ಬಿಎಂಎಸ್‌ನಲ್ಲಿ ಇದಕ್ಕೊಂದು ಅಲಾರಂ ಇಡಿಸಿ.

ಈ ಮಾತೆಲ್ಲ ತಣ್ಣೀರು ಹರಿದು ಗಾಳಿಯನ್ನು ತಣಿಸುವ ಚಿಲ್ಡ್ ವಾಟರ್ ಕಾಯಿಲಿಗೆ. ಒಂದೇ ವೇಗದ ಕಂಪ್ರೆಸರಿರುವ ಡಕ್ಟಬಲ್ ಏಸಿಯ (ಕೊಳವೆಯ ಮೂಲಕ ಗಾಳಿ ಹಂಚುವ ಏಸಿ) ಬ್ಲೋವರನ್ನು ಹೀಗೆ ನಿಧಾನ ಮಾಡಿದರೆ ಕಾಯಿಲಿನ ಮೇಲೆ ಐಸ್ ಕಟ್ಟುತ್ತದೆ.