ದೇಶದ ಅಂಚು ಎಲ್ಲಿದೆ? ಚಾರ್ಲ್ಸ್ ಲಿಮ್ ಅವರ ‘ಸೀ ಸ್ಟೇಟ್’ ನೋಡಿದವರೊಬ್ಬರ ಅಭಿಪ್ರಾಯ

ಸಿಂಗಾಪುರ ಅಂದರೆ ಎಲ್ಲರೂ ಕಟ್ಟಡಗಳನ್ನೇ ನೋಡ್ತಾರೆ. ಆ ಕಟ್ಟಡಗಳ ಕೆಳಗಿರೋ ನೆಲ ಎಲ್ಲಿಂದ ಬಂತು ಅಂತ ಕೇಳೋರು ಕಡಿಮೆ. ಚಾರ್ಲ್ಸ್ ಲಿಮ್ ಕೇಳಿದ್ದಾರೆ, ಅದೂ ಸಮುದ್ರದ ಕಡೆಯಿಂದ. ಇವರು ಕಲಾವಿದರಷ್ಟೇ ಅಲ್ಲ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಗೆ ಇಳಿದವರು. ‘ಸೀ ಸ್ಟೇಟ್’ ಅನ್ನೋ ಈ ಕಲಾಸರಣಿಯ (ಫೋಟೋ, ವಿಡಿಯೋ, ನಕ್ಷೆ ಎಲ್ಲ ಇದೆ) ಕೆಲಸ ಶುರು ಮಾಡಿದ್ದು 2005ರಲ್ಲಿ. ಇಟಲಿಯ ವೆನಿಸ್ ಬಿಯೆನಾಲೆ ಅನ್ನೋ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ 2015ರಲ್ಲಿ ಅದೇ ಸಿಂಗಾಪುರದ ಪೆವಿಲಿಯನ್, ಅಂದರೆ ಆ ದೇಶದ ಪರವಾದ ಪ್ರದರ್ಶನ ಆಯಿತು. ನಾನು ನೋಡಿದ್ದು ಮರುವರ್ಷ, ಸಿಂಗಾಪುರದ ಗಿಲ್‌ಮನ್ ಬ್ಯಾರಕ್ಸ್ ಅನ್ನೋ ಕಲಾ ಗ್ಯಾಲರಿಗಳ ತಾಣದಲ್ಲಿ.

ನನಗೆ ತುಂಬಾ ಹಿಡಿಸಿದ್ದು ಗಡಿ ಗುರುತುಗಳ ಫೋಟೋಗಳು. ಸಮುದ್ರದಲ್ಲಿ ಸಿಂಗಾಪುರ ಇಲ್ಲಿಗೆ ಮುಗೀತು ಅಂತ ಹೇಳೋ ಬೋಯ್‌ಗಳು (ನೀರಲ್ಲಿ ತೇಲೋ ಗುರುತುಗಳು), ಕಂಬಗಳು ಇವೆಯಲ್ಲ, ಅವನ್ನು ಒಳಗಡೆಯಿಂದ ಒಂದು ಸಲ, ಹೊರಗಡೆಯಿಂದ ಒಂದು ಸಲ ತೆಗೆದು ಜೋಡಿಯಾಗಿ ಇಟ್ಟಿದ್ದಾರೆ. ಎರಡರಲ್ಲೂ ಅದೇ ನೀರು, ಅದೇ ಬೋಯ್. ಯಾವುದು ಸಿಂಗಾಪುರದ ಕಡೆ, ಯಾವುದು ನೆರೆಯವರ ಕಡೆ ಅಂತ ನೋಡಿ ಹೇಳಕ್ಕೆ ಆಗಲ್ಲ. ನಾನಂತೂ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸ್ತಾ ನಿಂತೆ, ಏನಾದರೂ ವ್ಯತ್ಯಾಸ ಸಿಗಬಹುದು ಅಂತ. ರಾಷ್ಟ್ರೀಯತೆ ಬಗ್ಗೆ ಉದ್ದ ಭಾಷಣ ಮಾಡೋ ಎಷ್ಟೋ ಕಲಾಕೃತಿಗಳಿಗಿಂತ ಇದು ನೇರವಾಗಿ ತಟ್ಟುತ್ತದೆ.

ಇನ್ನೊಂದು ಭಾಗ ಸಿಂಗಾಪುರದ ಸಜಾಹತ್ ಅನ್ನೋ ಪುಟ್ಟ ದ್ವೀಪದ್ದು. ಪಕ್ಕದ ತೆಕೊಂಗ್ ದ್ವೀಪದ ಸುತ್ತ ಸಮುದ್ರ ತುಂಬಿಸಿ ನೆಲ ಮಾಡಿದಾಗ ಸಜಾಹತ್ ಅದರೊಳಗೇ ಸೇರಿಹೋಯಿತು, ನಾವಿಕರ ನಕ್ಷೆಯಿಂದಲೂ ಹೋಯಿತು. ಅದರ ನೆನಪಿಗೆ ಇಲ್ಲಿರೋದು ಒಂದು ಬೋಯ್, ಮೈತುಂಬಾ ಸಮುದ್ರದ ಚಿಪ್ಪುಗಳು ಅಂಟಿಕೊಂಡಿವೆ.

ಇಲ್ಲಿ ಸ್ವಲ್ಪ ಹಿನ್ನೆಲೆ ಗೊತ್ತಿರಬೇಕು, ಇಲ್ಲದಿದ್ದರೆ ಸುಮ್ನೆ ನೀರಿನ ವಿಡಿಯೋ ನೋಡಿದ ಹಾಗಾಗುತ್ತದೆ. 1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಸಿಂಗಾಪುರ ಸುಮಾರು 580 ಚದರ ಕಿಲೋಮೀಟರ್ ಇತ್ತು. ಈಗ 730 ದಾಟಿದೆ. ಹೆಚ್ಚಾದ ಭಾಗಕ್ಕೆ ಬೇಕಾದ ಮರಳಲ್ಲಿ ದೊಡ್ಡ ಪಾಲು ನೆರೆಯ ದೇಶಗಳದ್ದು. 1997ರಲ್ಲಿ ಮಲೇಷ್ಯಾ ಮರಳು ಕೊಡೋದು ನಿಲ್ಲಿಸಿತು, 2007ರಲ್ಲಿ ಇಂಡೋನೇಷ್ಯಾ. ಅಂದರೆ ಒಂದು ದೇಶದ ನೆಲವೇ ಇನ್ನೊಂದು ದೇಶದ ಸಮುದ್ರ ತಳ, ನದಿ ತಳ! ಸಿಂಗಾಪುರದ ರಾಷ್ಟ್ರಗೀತೆ ಕೂಡ ಮಲಯ್ ಭಾಷೆಯಲ್ಲೇ ಇದೆ, ಅದನ್ನು ರಚಿಸಿದ ಝುಬಿರ್ ಸಯೀದ್ ಹುಟ್ಟಿದ್ದು ಈಗ ಇಂಡೋನೇಷ್ಯಾದಲ್ಲಿರೋ ಸುಮಾತ್ರಾದಲ್ಲಿ. ‘ನಮ್ಮದು’ ಅನ್ನೋದನ್ನ ಎಲ್ಲಿಂದ ಶುರು ಮಾಡೋದು ಹೇಳಿ?

ಕೊರತೆ ಇಲ್ಲ ಅಂತಲ್ಲ. ನನ್ನ ದೊಡ್ಡ ತಕರಾರು ಏನಂದರೆ, ಮರಳು ತೆಗೆದ ಜಾಗದ ಜನ ಇಲ್ಲಿ ಕಾಣಿಸೋದು ತೀರಾ ಕಡಿಮೆ. ಅಲ್ಲಿ ಮೀನು ಹಿಡಿಯುತ್ತಿದ್ದವರು ಏನಾದರು? ಎಲ್ಲವನ್ನೂ ಸಿಂಗಾಪುರದ ದೋಣಿಯಿಂದಲೇ ನೋಡಿದ ಹಾಗಿದೆ. ಕುಡಿಯೋ ನೀರಿನ ವಿಷಯಕ್ಕೂ ಕೈ ಹಾಕಿದ್ದರೆ ಚೆನ್ನಾಗಿತ್ತು. 1962ರ ಒಪ್ಪಂದದಂತೆ ಸಿಂಗಾಪುರ ಮಲೇಷ್ಯಾದ ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ತನಕ ನೀರು ತಗೋಬಹುದು, ಸಾವಿರ ಗ್ಯಾಲನ್‌ಗೆ ಬರೀ 3 ಸೆನ್ (ಮಲೇಷ್ಯಾದ ಪೈಸೆ), 2061ರವರೆಗೆ. ಸಮುದ್ರದ ಕಲಾಕೃತಿಗೆ ನಲ್ಲಿ ನೀರಿನ ಲೆಕ್ಕ ಕೇಳೋದು ಅತಿಯಾಯ್ತು ಅನ್ನಿಸಬಹುದು, ಆದರೆ ನೆರೆಯವರ ಮೇಲಿನ ಅವಲಂಬನೆ ಬಗ್ಗೆ ಮಾತಾಡುವಾಗ ಅದನ್ನು ಬಿಟ್ಟರೆ ಹೇಗೆ?

ವಿಡಿಯೋಗಳು ನಿಧಾನ. ಸಿಂಗಾಪುರದ ಜುರಾಂಗ್‌ನಲ್ಲಿ ಸಮುದ್ರ ತಳದ ಕೆಳಗೆ ತೈಲ ಇಡಲು ಬಂಡೆ ಕೊರೆದು ಮಾಡಿದ ಗುಹೆಗಳಿವೆ, ಅವುಗಳ ವಿಡಿಯೋ ಮಾತ್ರ ನನ್ನನ್ನು ಕೂರಿಸಿಬಿಟ್ಟಿತು. ಮೇಲೆ ಜಾಗ ಮುಗಿದರೆ ಕೆಳಗೆ ಇಳಿಯೋದು, ಅಲ್ವಾ! ಗಡಿಯ ನೀರಿನಲ್ಲಿ ಒಬ್ಬ ಸುಮ್ಮನೆ ತೇಲುತ್ತಿರೋ ವಿಡಿಯೋ ಕಲ್ಪನೆಯಾಗಿ ಚೆನ್ನಾಗಿದೆ, ಆದರೆ ಅದನ್ನು ಪೂರ್ತಿ ನೋಡೋಕೆ ತಾಳ್ಮೆ ಬೇಕು.

ಐದಕ್ಕೆ ನಾಲ್ಕು ಕೊಡ್ತೀನಿ. ಇದು ಒಂದೇ ಕಡೆ ಖಾಯಂ ಇರೋ ಪ್ರದರ್ಶನ ಅಲ್ಲ, ಎಲ್ಲಾದರೂ ಬಂದರೆ ಹೋಗಿ. ಮಕ್ಕಳನ್ನು ಕರ್ಕೊಂಡು ಹೋಗೋದಾದರೆ ಬೋಯ್, ಫೋಟೋ, ನಕ್ಷೆ ತೋರಿಸಿ ಸಾಕು, ವಿಡಿಯೋಗೆ ಕೂರಲ್ಲ. ನೀವು ಮಾತ್ರ ಹೋಗೋ ಮುಂಚೆ ಸಿಂಗಾಪುರ, ಮಲೇಷ್ಯಾ ನಡುವಿನ ಜೋಹೋರ್ ಜಲಸಂಧಿಯ ನಕ್ಷೆಯನ್ನು ಫೋನಲ್ಲಿ ಒಮ್ಮೆ ತೆಗೆದು ನೋಡ್ಕೊಳ್ಳಿ, ಅರ್ಧ ಪ್ರದರ್ಶನ ಅಲ್ಲೇ ಅರ್ಥ ಆಗುತ್ತೆ.