ಬೋಟ್ ಎಂಜಿನ್ನಿನ ಉಪ್ಪುನೀರಿನ ಲೈನಿಗೆ ಲಾಕ್‌ಟೈಟ್ 567: ಹಲವು ಸೀಸನ್‌ಗಳ ಬಳಕೆಯ ನಂತರ

ಟೆಫ್ಲಾನ್ ಟೇಪ್ ಬಿಟ್ಟು, ಪೈಪಿನ ಥ್ರೆಡ್ ಸೋರದಂತೆ ತಡೆಯುವ ಈ ಬಿಳಿ ಪೇಸ್ಟಿಗೆ ಬಂದ ಮೇಲೆ, ಎಂಜಿನ್ ತಂಪಾಗಿಸಲು ಕಡಲ ನೀರು ತರುವ ಉಪ್ಪುನೀರಿನ ಲೈನ್ ಗಾಳಿ ಎಳೆಯುವುದು ನಿಂತಿದೆ. ಲೋಹದ ಥ್ರೆಡ್‌ಗಳಿಗೆ ಐದರಲ್ಲಿ ನಾಲ್ಕು ಅಂಕ ಧೈರ್ಯವಾಗಿ ಕೊಡಬಹುದು.

ಪರೀಕ್ಷೆ ಇರುವುದು ಪಂಪಿನ ಸಕ್ಷನ್ ಬದಿಯಲ್ಲಿ, ಅಂದರೆ ನೀರು ಎಳೆದುಕೊಳ್ಳುವ ಕಡೆ. ಡೆಲಿವರಿ ಬದಿಯ ಕೀಲು ಸೋರಿದರೆ ನೀರು ತೊಟ್ಟಿಕ್ಕಿ ತಾನೇ ಗೊತ್ತಾಗುತ್ತದೆ. ಸೀ ಕಾಕ್‌ನಿಂದ (ಕಡಲ ನೀರನ್ನು ಬೋಟಿನೊಳಗೆ ಬಿಡುವ ವಾಲ್ವ್) ಪಂಪಿನವರೆಗಿನ ಕೀಲು ಸಡಿಲವಾದರೆ ಎಂಜಿನ್ ಓಡುವಾಗ ಒಂದು ಹನಿಯೂ ಹೊರಗೆ ಬಾರದೆ, ಗಾಳಿ ಒಳಗೆ ಹೋಗುತ್ತದೆ. ಆಗ ಸೈಲೆನ್ಸರಿನ ನೀರು ಬಿಟ್ಟು ಬಿಟ್ಟು ಬರುತ್ತದೆ, ಕಸ ಸೋಸುವ ಸ್ಟ್ರೈನರಿನ ಪಾರದರ್ಶಕ ಮುಚ್ಚಳದಲ್ಲಿ ಗುಳ್ಳೆ ಕಾಣುತ್ತದೆ, ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬಹಳ ಜನ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಗಳ ರಬ್ಬರ್ ಚಕ್ರ) ಹೋಯಿತೆಂದು ಪಂಪ್ ಬಿಚ್ಚುತ್ತಾರೆ. ಮೊದಲು ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ; ಎಲ್ಲಿ ನೊರೆ ಒಳಗೆ ಎಳೆದುಕೊಳ್ಳುತ್ತದೋ ಅಲ್ಲೇ ದೋಷ.

ಟೇಪಿನ ತೊಂದರೆ ಎರಡು. ತುಂಡಾದ ಎಳೆ ಒಳಗೆ ಹೋಗಿ, ಕಡಲ ನೀರಿನಿಂದ ಎಂಜಿನ್ನಿನ ಬಿಸಿ ಇಳಿಸುವ ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳ ಬಾಯಿಗೆ ಕೂರುತ್ತದೆ. ಜೊತೆಗೆ, ಸುತ್ತು ಜಾಸ್ತಿಯಾದರೆ ನಿಪ್ಪಲ್ (ಥ್ರೆಡ್ ಇರುವ ಸಣ್ಣ ಪೈಪ್ ತುಂಡು) ಜಾರಿಕೊಂಡು ಬೇಕಾದ್ದಕ್ಕಿಂತ ಒಳಗೆ ಹೋಗಿ, ಎರಕದ ಪಂಪ್ ಬಾಡಿ ಸೀಳು ಬಿಡುತ್ತದೆ. 567 ಗಾಳಿ ಸಿಗದೆ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುವ ಜಾತಿ. ಥ್ರೆಡ್ಡಿನ ಸಂದನ್ನೇ ತುಂಬುತ್ತದೆ. ಹಿಡಿತ ಮಿತವಾದ್ದರಿಂದ ಮುಂದಿನ ಮಳೆಗಾಲದಲ್ಲಿ ಸ್ಪ್ಯಾನರ್ ಹಾಕಿದರೆ ಬಿಚ್ಚಿ ಬರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಲೇಬೇಕಾದ ಲೈನಿಗೆ ಈ ಗುಣ ಬಹಳ ಮುಖ್ಯ. ಸ್ಟೇನ್‌ಲೆಸ್ ಥ್ರೆಡ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳುವುದೂ ಇದರಿಂದ ತಪ್ಪುತ್ತದೆ.

ಹಚ್ಚುವ ಕ್ರಮದಲ್ಲಿ ಅವಸರ ಬೇಡ. ಹಳೆಯ ಟೇಪ್, ಉಪ್ಪು, ಹಸಿರು ಕಿಲುಬು ಎಲ್ಲವನ್ನೂ ವೈರ್ ಬ್ರಷ್‌ನಿಂದ ತೆಗೆದು, ಗಂಡು ಹೆಣ್ಣು ಎರಡೂ ಥ್ರೆಡ್ ಅನ್ನು ಅಸಿಟೋನಿನಲ್ಲಿ ಒರೆಸಿ ಒಣಗಿಸಿ. ಡೀಸೆಲ್ ಒರೆಸಿದ ಬಟ್ಟೆ ಮುಟ್ಟಿಸಬೇಡಿ. ತುದಿಯ ಮೊದಲ ಥ್ರೆಡ್ ಖಾಲಿ ಬಿಟ್ಟು, ಮುಂದಿನವಕ್ಕೆ ಸುತ್ತಲೂ ತುಂಬ ಹಚ್ಚಿ. ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಒಂದೂವರೆಯಿಂದ ಎರಡು ಸುತ್ತು ಸಾಕು. ಎಲ್ಬೋ ದಿಕ್ಕು ಸರಿಪಡಿಸಲೆಂದು ಹಿಂದಕ್ಕೆ ತಿರುಗಿಸಿದರೆ ಸೀಲ್ ಹೋಯಿತು. ಬಿಚ್ಚಿ, ಒರೆಸಿ, ಮತ್ತೆ ಹಚ್ಚಬೇಕು. 24 ಗಂಟೆ ಬಿಟ್ಟೇ ಎಂಜಿನ್ ಓಡಿಸಿ. ಹಿತ್ತಾಳೆಯಲ್ಲಿ ಬೇಗ ಗಟ್ಟಿಯಾಗುತ್ತದೆ, ಸ್ಟೇನ್‌ಲೆಸ್‌ನಲ್ಲಿ ನಿಧಾನ.

50 ಮಿ.ಲೀ. ಟ್ಯೂಬು ಒಂದು ಬೋಟಿನ ಇಡೀ ಲೈನಿಗೆ ಸಾಕಾಗಿ ಮಿಗುತ್ತದೆ. ಟ್ಯೂಬಿನೊಳಗಿನ ಗಾಳಿಯನ್ನು ಹಿಂಡಿ ತೆಗೆಯಬೇಡಿ, ಆ ಗಾಳಿಯೇ ಅದನ್ನು ಕೆಡದಂತೆ ಇಡುವುದು. ಮೂತಿಯನ್ನು ಲೋಹಕ್ಕೆ ತಾಗಿಸಿದರೆ ಒಳಗೇ ಗಟ್ಟಿಯಾಗಲು ಶುರುವಾಗುತ್ತದೆ.

ಒಂದು ಅಂಕ ಕಳೆದದ್ದು ಇದು ಎಲ್ಲ ಕಡೆ ನಡೆಯದ ಕಾರಣಕ್ಕೆ. ಪ್ಲಾಸ್ಟಿಕ್ ಸ್ಟ್ರೈನರ್, ಪಿವಿಸಿ ಫಿಟ್ಟಿಂಗ್‌ಗಳಿಗೆ ಹಚ್ಚಬಾರದು, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ. ಅಲ್ಲಿ ಟೇಪೇ ಸರಿ. ಕೊನೆಯವರೆಗೆ ಒಂದೇ ಅಗಲದ ಸಮ ಥ್ರೆಡ್ಡಿಗೆ ವಾಷರ್ ಅಥವಾ ಓ-ರಿಂಗ್ ಬೇಕು. ಹೀಟ್ ಎಕ್ಸ್‌ಚೇಂಜರಿನ ಸತು ಪೆನ್ಸಿಲಿನ (ಎಕ್ಸ್‌ಚೇಂಜರಿನ ಬದಲು ತಾನು ಸವೆಯಲೆಂದು ಹಾಕುವ ಸತುವಿನ ಕಡ್ಡಿ) ಪ್ಲಗ್ಗಿಗೆ ಪೇಸ್ಟೂ ಬೇಡ, ಟೇಪೂ ಬೇಡ: ಲೋಹಕ್ಕೆ ಲೋಹ ತಾಗದಿದ್ದರೆ ಸತು ಕರಗುವುದಿಲ್ಲ, ಬದಲಿಗೆ ಎಕ್ಸ್‌ಚೇಂಜರೇ ತಿನ್ನಿಸಿಕೊಳ್ಳುತ್ತದೆ. ಸತು ಅರ್ಧ ಸವೆದಾಗ ಬದಲಾಯಿಸಿ, ಮುರಿದು ಬಿದ್ದ ಚೂರನ್ನು ಮುಚ್ಚಳ ಬಿಚ್ಚಿ ತೆಗೆಯಿರಿ.

ಥ್ರೆಡ್ ಜಾತಿಯೇ ಬೇರೆಯಾದರೆ ಯಾವ ಪೇಸ್ಟೂ ಉಳಿಸದು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಬ್ರಿಟಿಷ್ ಪೈಪ್ ಥ್ರೆಡ್ ಆದ ಬಿಎಸ್‌ಪಿ, ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕನ್ ಮೂಲದ ಎಂಜಿನ್‌ಗಳಲ್ಲಿ ಹೆಚ್ಚಾಗಿ ಅಲ್ಲಿನ ಪೈಪ್ ಥ್ರೆಡ್ ಆದ ಎನ್‌ಪಿಟಿ, 60 ಡಿಗ್ರಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ ಇರುವುದರಿಂದ ಒಂದರೊಳಗೊಂದು ಹೋಗಿ ಬಿಗಿಯಾದಂತೆ ಕಾಣುತ್ತದೆ. ಸರಿಯಾಗಿದೆ ಎಂದುಕೊಂಡು ಕಡಲಿಗೆ ಹೋದ ಮೇಲೆ ಸೋರಲು ಶುರು. ಥ್ರೆಡ್ ಗೇಜ್ ಇಟ್ಟು ನೋಡಿಯೇ ಕೊಳ್ಳಿ. ಸಾದಾ ಹಿತ್ತಾಳೆ ನಿಪ್ಪಲ್ ಕೂಡ ಬೇಡ. ಉಪ್ಪುನೀರಿನಲ್ಲಿ ಅದರ ಸತು ಕರಗಿ, ಗುಲಾಬಿ ಬಣ್ಣದ ಪೊಳ್ಳು ತಾಮ್ರ ಉಳಿಯುತ್ತದೆ. ಮೇಲೆ ಚೆನ್ನಾಗಿದ್ದರೂ ಕೈಯಲ್ಲೇ ಮುರಿಯುತ್ತದೆ. ಕಂಚು ಅಥವಾ ಗನ್ ಮೆಟಲ್ ದುಬಾರಿಯಾದರೂ ಅದನ್ನೇ ಹಾಕಿ.

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವೇ ಈ ಕೆಲಸಕ್ಕೆ ಸರಿಯಾದ ಕಾಲ. ಲೈನ್ ಬಿಚ್ಚಿದಾಗಲೇ ಹೋಸ್ ಕ್ಲಿಪ್‌ಗಳ ಸ್ಕ್ರೂಗೆ ಆಯಸ್ಕಾಂತ ಹಿಡಿಯಿರಿ. ಬಲವಾಗಿ ಅಂಟಿದರೆ ಸ್ಕ್ರೂ ತುಕ್ಕು ಹಿಡಿಯುವ ಜಾತಿ, ಇಡೀ ಕ್ಲಿಪ್ ಬದಲಾಯಿಸಿ. ಸಕ್ಷನ್ ಬದಿಗೆ ತಂತಿ ಇರುವ ಹೋಸೇ ಬೇಕು, ಇಲ್ಲದಿದ್ದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಹೊಸ ಇಂಪೆಲ್ಲರಿಗೆ ಗ್ಲಿಸರಿನ್ ಹಚ್ಚಿ ಕೂರಿಸಿ, ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರು ಸಿಗುವವರೆಗೆ ಎಕ್ಸ್‌ಚೇಂಜರಿನ ಬಾಯಿಯಲ್ಲಿ ಹುಡುಕಿ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಹನಿದರೆ ಒಳಗಿನ ಸೀಲ್ ಸವೆದಿದೆ ಎಂದರ್ಥ. ಆ ತೂತಿಗೆ ಯಾವ ಪೇಸ್ಟನ್ನೂ ತುಂಬಬೇಡಿ, ಮುಚ್ಚಿದರೆ ಉಪ್ಪುನೀರು ಎಂಜಿನ್ ಆಯಿಲಿಗೆ ಸೇರುತ್ತದೆ.